ಪಾಚಿಯ ಮೇಲಿನ ನಡಿಗೆ

ನನ್ನ ಯಜಮಾನರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವರು. ಶೆಟ್ಟಿಹಳ್ಳಿಯ ನಮ್ಮ ಮನೆಯ ಪಾಚಿಗೆಲ್ಲ ಅವರದೇ ಕಾವಲು. ನಲ್ಲಿಯ ಕೆಳಗೆ ಹಸಿರು, ತುಳಸಿಕಟ್ಟೆಯ ಬುಡದಲ್ಲಿ ಕಪ್ಪು, ಕಾಂಪೌಂಡ್ ಗೋಡೆಯ ಮೇಲೆ ಇಟ್ಟಿಗೆ ಪುಡಿ ಎರಚಿದಂಥ ಕೆಂಪು. "ಅದೂ ಪಾಚೀನೇ ಕಣೇ, ಉಜ್ಜಬೇಡ" ಅನ್ನುತ್ತಾರೆ. ಬೆಳಗಾದರೆ ಪಾತ್ರೆ ಹಿಡಿದು ಅಲ್ಲಿ ಓಡಾಡುವವಳು ನಾನು ತಾನೇ!

ಮದುವೆಯಾದ ಹೊಸದರಲ್ಲಿ ಕುಣಿಗಲ್ ಕೆರೆಗೆ ಹೋಗಿದ್ದೆವು. ಕೂದಲಿನಂಥ ಪಾಚಿಯನ್ನು ಬಾಟಲಿಗೆ ತುಂಬಲು ಬಗ್ಗಿದವರು ಮೆಟ್ಟಿಲ ಮೇಲೆ ಸರ್ರನೆ ಜಾರಿದರು. ಅಲ್ಲಿಯವರೆಗೆ ಅವರ ಮುಖವನ್ನೂ ಸರಿಯಾಗಿ ನೋಡಿರದ ನಾನು ಗಬಕ್ಕನೆ ರಟ್ಟೆ ಹಿಡಿದೆ.

"ಇಷ್ಟು ಓದಿದೀರ, ಪಾಚಿ ಮೇಲೆ ಕಾಲಿನ ಹೆಬ್ಬೆಟ್ಟು ಊರಿ ನಡೀಬೇಕು ಅಂತ ಗೊತ್ತಿಲ್ವಾ?" ಎಂದೆ. ಗೂಳೂರಿನ ಕೆರೆಯಲ್ಲಿ ಬಟ್ಟೆ ಒಗೆದು ಬೆಳೆದವಳು ನಾನು. ಅವರು ನನ್ನ ಭುಜ ಹಿಡಿದು, ಹೆಬ್ಬೆಟ್ಟು ಊರುತ್ತಾ ಮೇಲೆ ಹತ್ತಿದರು.

ಮೊನ್ನೆ ಅವರು ಕಾಲೇಜಿಗೆ ಹೋದಾಗ ಬ್ಲೀಚಿಂಗ್ ಪೌಡರ್ ಹಾಕಿ ಎಲ್ಲವನ್ನೂ ಉಜ್ಜಿಬಿಟ್ಟೆ. ಸಂಜೆ ಬಂದವರು ಬೆಳ್ಳಗಾದ ಅಂಗಳವನ್ನು ನೋಡಿದರು. ಚಪ್ಪಲಿ ಬಿಟ್ಟು, ನನ್ನ ಭುಜ ಹಿಡಿದು, ಹೆಬ್ಬೆಟ್ಟು ಊರಿ ನಡೆದರು.

"ಈಗ ಜಾರಲ್ಲ ರೀ" ಎಂದೆ.

"ಗೊತ್ತು ಕಣೇ" ಎಂದರು. ಕೈ ಮಾತ್ರ ತೆಗೆಯಲಿಲ್ಲ.