ಗಾದಿಲಿಂಗಪ್ಪನ ಬೋಳುತಲೆ

ಭತ್ತದ ಕಾಳನ್ನು ಹಲ್ಲಲ್ಲಿ ಕಚ್ಚಿ ನೋಡದೆ ಕೊಳ್ಳದ ಕಂಪ್ಲಿಯ ರೈಸ್‌ಮಿಲ್ ಗಾದಿಲಿಂಗಪ್ಪ, ಕ್ಯಾನ್ಸರ್ ಔಷಧಿಗೆ ಕೂದಲು ಉದುರಿದ ಹೆಂಡತಿ ಕೊಟ್ರಬಸಮ್ಮನ ತಲೆಗೂ ಪರೀಕ್ಷಿಸದ ಎಣ್ಣೆ ಹಚ್ಚುವವನಲ್ಲ. ದಾಸವಾಳದೆಣ್ಣೆ, ಕರಿಬೇವಿನೆಣ್ಣೆ, ಈರುಳ್ಳಿ ರಸ, ಹೀಗೆ ಊರವರು ಹೇಳಿದ್ದನ್ನೆಲ್ಲ ಮೊದಲು ತನ್ನ ಬೋಳುತಲೆಗೆ ಬಳಿದುಕೊಂಡೇ ಮಿಲ್ಲಿನಲ್ಲಿ ಕೂರುತ್ತಾನೆ. ಭತ್ತ ತಂದ ರೈತ ಮೂಗು ಮುಚ್ಚಿಕೊಂಡು, “ಸಾವ್ಕಾರ್ರ, ನಿಮಗ ಒಂದು ಕೂದ್ಲೂ ಬರ್ಲಿಲ್ಲಲ್ರೀ?” ಎಂದರೆ, “ಬರ್ಲಿ ಅಂತ ಹಚ್ಕೊಂಡಿಲ್ಲಲೇ, ಉರಿತೈತೇನು ಅಂತ ನೋಡಾಕ. ಆಕಿ ತಲಿ ಭಾಳ ಸೂಕ್ಷ್ಮ ಐತಿ” ಎಂದು ಗದರುತ್ತಾನೆ. ಉರಿಯದಿದ್ದರೆ ಸಂಜೆ ಅವಳನ್ನು ಕೂರಿಸಿಕೊಂಡು ಮೆಲ್ಲಗೆ ತಿಕ್ಕುತ್ತಾನೆ. ಕೂದಲು ತಾನಾಗಿಯೇ ಬರುತ್ತದೆಂದು ಡಾಕ್ಟರು ಹೇಳಿದ್ದನ್ನು ಕೊಟ್ರಬಸಮ್ಮ ಅವನಿಗಿನ್ನೂ ಹೇಳಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವನ ಕೈ ಅವಳ ತಲೆ ನೇವರಿಸಿದ್ದು ಇದೇ ಮೊದಲು. “ನಾಳೆ ಯಾವ ಎಣ್ಣಿರೀ?” ಎಂದು ತಾನೇ ಕೇಳುತ್ತಾಳೆ.