ನಾಲ್ಕನೆಯ ಕಾಲಂ

ಆ ದಿನ ಎಂದಿನಂತೆ ಆರಕ್ಕೆ ಎದ್ದು, ಗೇಟಿಗೆ ನೇತುಹಾಕಿದ ಚೀಲದಿಂದ ಹಾಲಿನ ಪಾಕೆಟ್ ತೆಗೆದು ಕಾಯಿಸಲಿಟ್ಟೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಅಂಗಳಕ್ಕೆ ನೀರು ಹಾಕಿ ರಂಗೋಲಿ ಮುಗಿಸುವುದು ನನ್ನ ರೂಢಿ. ಹೊರಗೆ ಬಂದರೆ ಕಾಂಪೌಂಡಿನೊಳಗೆ ಆ ಖಾಲಿ ಜಾಗ. ಆರು ದಿನಗಳಿಂದ ಅದನ್ನೇ ನೋಡುತ್ತಿದ್ದೆ. ಹಾಸಿಗೆ ಎತ್ತಿದ ಮೇಲೆ ಕಾಣುವ ನೆಲದ ಹಾಗೆ, ಸುತ್ತಲಿನ ಸಿಮೆಂಟಿಗಿಂತ ಸ್ವಲ್ಪ ತಿಳಿಯಾದ ಉದ್ದನೆಯ ಚೌಕ. ಪಕ್ಕದಲ್ಲಿ ಚಕ್ರಕ್ಕೆ ಒತ್ತು ಕೊಡುವ ಎರಡು ಇಟ್ಟಿಗೆ, ಮುಂದುಗಡೆ ಗ್ರೀಸಿನ ಒಂದು ಕಲೆ.

ಗೇಟಿನ ಮುಂದೆ ಹಾಕಬೇಕಾದ ರಂಗೋಲಿಯನ್ನು ಅವತ್ತು ಆ ಚೌಕದ ಮಧ್ಯೆ ಹಾಕತೊಡಗಿದೆ. ಪೇಪರ್ ಎತ್ತಿಕೊಳ್ಳಲು ಬಂದ ನಮ್ಮನೆಯವರು ನಿಂತು ನೋಡಿದರು.

“ಅಲ್ಯಾಕೆ ಹಾಕ್ತಿದ್ದೀಯೇ? ಸಂಜೆ ಡಬ್ಬಿ ಬಂದು ನಿಲ್ಲುತ್ತೆ.”

“ಸಂಜೆ ತನಕ ಇರ್ಲಿ ಬಿಡಿ,” ಅಂದೆ.

ಡಬ್ಬಿ ಅಂದರೆ ನಮ್ಮ ಕ್ಯಾಂಪರ್ ಟ್ರೇಲರ್. ಜೀಪಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಎರಡು ಚಕ್ರದ ಪುಟ್ಟ ಮನೆ. ನಮ್ಮನೆಯವರು ರಿಟೈರಾದ ವರ್ಷ ಯಶವಂತಪುರದ ಆಚೆ ಒಂದು ಶೆಡ್ಡಿನಲ್ಲಿ ದಿನಾ ಹೋಗಿ ನಿಂತು ಮಾಡಿಸಿದ್ದು. ಒಳಗೆ ಇಬ್ಬರಿಗೆ ಹಾಸಿಗೆ, ಹಿಂದಿನ ಬಾಗಿಲು ಮೇಲೆತ್ತಿದರೆ ಅಡುಗೆ ಕಟ್ಟೆ, ಕಿಟಕಿಗೆ ನಾನೇ ಹೊಲಿದ ನೀಲಿ ಚೌಕಳಿ ಪರದೆ. ಅಟ್ಟೂರಿನ ನಮ್ಮ ಬೀದಿಯವರು ಅದನ್ನು ಮೊದಲ ದಿನವೇ ಡಬ್ಬಿ ಅಂದರು, ಆಮೇಲೆ ನಾವೂ ಹಾಗೇ ಕರೆಯತೊಡಗಿದೆವು. ಓಡಿಸುವುದು ಇವರ ಕೆಲಸ. ರಾತ್ರಿ ಎಲ್ಲಿ ತಂಗಬೇಕು ಅನ್ನುವುದು ನನ್ನದು.

ಇದು ಕೇಳಿದಷ್ಟು ಸುಲಭದ ಕೆಲಸವಲ್ಲ. ನಮ್ಮ ಕಡೆ ಇಂಥ ಗಾಡಿಗಳಿಗೆಂದೇ ಮಾಡಿದ ಜಾಗಗಳು ಸಿಗುವುದು ಅಪರೂಪ. ಹೋಟೆಲಿನವರು ರೂಮ್ ತಗೊಳ್ಳಿ ಅನ್ನುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಲಾರಿಗಳ ಸಾಲು, ಕಣ್ಣಿಗೆ ಹೊಡೆಯುವ ಲೈಟು. ರಸ್ತೆ ಬದಿ ನಿಲ್ಲಿಸಲು ನನಗೆ ಧೈರ್ಯವಿಲ್ಲ. ಉಳಿದದ್ದು ಜನರ ಅಂಗಳಗಳು. ಶಾಲೆ, ಮಿಲ್ಲು, ಕಲ್ಯಾಣ ಮಂಟಪ, ತೋಟದ ಮನೆ. ಅಂಗಳ ಬೇಕಾದರೆ ಬಾಯಿಬಿಟ್ಟು ಕೇಳಬೇಕು, ಕೇಳುವುದಕ್ಕೂ ಒಂದು ಹದ ಇದೆ.

ಐದು ಗಂಟೆಯೊಳಗೆ ಊರು ಸೇರಬೇಕು. ಕತ್ತಲಾದ ಮೇಲೆ ಬಂದವರು ಯಾರ ಕಣ್ಣಿಗೂ ಒಳ್ಳೆಯವರಾಗಿ ಕಾಣುವುದಿಲ್ಲ. ಇವರನ್ನು ಜೀಪಿನಲ್ಲೇ ಕೂರಿಸಿ ನಾನೊಬ್ಬಳೇ ಖಾಲಿ ಬಾಟಲಿ ಹಿಡಿದು ಹೋಗುತ್ತೇನೆ. ಗಂಡಸರನ್ನು ಕೇಳುವುದಿಲ್ಲ, ಅವರು ಇನ್ನೊಬ್ಬ ಗಂಡಸಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿರುವ ಹೆಂಗಸರಲ್ಲಿ ಹಿರಿಯರು ಯಾರೆಂದು ನೋಡಿ, ಜಾಗದ ಸುದ್ದಿಯನ್ನೇ ಎತ್ತದೆ, ಕುಡಿಯಲು ನೀರು ಕೇಳುತ್ತೇನೆ. ಬರೀ ನೀರು ಬಂದರೆ ಕುಡಿದು ಕೈಮುಗಿದು ಮುಂದಿನ ಊರಿಗೆ. ನೀರಿನ ಜೊತೆ ಒಂದು ಚೂರು ಬೆಲ್ಲ ಬಂತೋ, ಜಾಗ ಸಿಕ್ಕಿತು ಅಂತಲೇ. ಬೆಲ್ಲ ಕೊಟ್ಟ ಕೈ ಆಮೇಲೆ ಇಲ್ಲ ಅಂದದ್ದು ಈ ನಾಲ್ಕು ವರ್ಷದಲ್ಲಿ ನನಗೆ ನೆನಪಿಲ್ಲ.

ಹೀಗೆ ಸಿಕ್ಕಿದ ಜಾಗಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಸ್ಕೇಲಿಟ್ಟು ಗೆರೆ ಎಳೆದ ನಾಲ್ಕು ಕಾಲಂ. ಊರು, ಜಾಗ, ಯಾರನ್ನು ಕೇಳುವುದು. ನಾಲ್ಕನೆಯದಕ್ಕೆ ತಲೆಬರಹ ಇಲ್ಲ. ‘ಬೋರಿನ ನೀರು ಉಪ್ಪು.’ ‘ಕರಿ ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ.’ ‘ನಲ್ಲಿ ಕಟ್ಟಡದ ಹಿಂದೆ, ತಿರುಪು ಸಡಿಲ, ಮೆಲ್ಲಗೆ ತಿರುಗಿಸಬೇಕು.’ ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನಮ್ಮ ಕರ್ಚೀಫುಗಳನ್ನು ಕೈಗೆ ತೆಗೆದುಕೊಂಡ ಕೂಡಲೇ ಮಗುಚಿ ಹಿಂದಿನ ಮಗ್ಗುಲನ್ನೇ ಮೊದಲು ನೋಡುತ್ತಿದ್ದರು. ಮುಂದಿನ ಹೂವು ಯಾರು ಬೇಕಾದರೂ ಹಾಕುತ್ತಾರೆ ಅನ್ನುವುದು ಅವರ ಮಾತು. ನನ್ನ ನಾಲ್ಕನೆಯ ಕಾಲಂ ಆ ಹಿಂದಿನ ಮಗ್ಗುಲು.

ಆ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು ಚಳ್ಳಕೆರೆ ದಾಟಿದ ಮೇಲೆ ಬರುವ ಒಂದು ಶೇಂಗಾ ಮಿಲ್ಲಿನ ಅಂಗಳ. ನಡೆಸುವವರು ಒಬ್ಬ ಅಜ್ಜಿ. ನೆಲದ ತುಂಬ ಶೇಂಗಾ ಸಿಪ್ಪೆ. ಕಾಲಿಟ್ಟರೆ ಚರಚರ ಅನ್ನುತ್ತದೆ, ಆಮೇಲೆ ಮೆತ್ತಗೆ. ಅಜ್ಜಿ ಬೆಲ್ಲ ಕೊಡುವ ಮೊದಲು ಅದನ್ನು ಸೆರಗಿನಿಂದ ಒರೆಸುತ್ತಾರೆ. ಸಿಪ್ಪೆ ಉರಿಸಿ ನನ್ನ ಸ್ನಾನಕ್ಕೆ ನೀರು ಕಾಯಿಸುತ್ತಾರೆ. ನನ್ನ ಹೆಸರು ಒಮ್ಮೆಯೂ ಕೇಳಿಲ್ಲ. “ನೀರು ಕೇಳೋ ಅಮ್ಮಯ್ಯ ಬಂದ್ಲು” ಅಂತ ಒಳಗೆ ಕೂಗಿ ಹೇಳುತ್ತಾರೆ, ಅಷ್ಟೆ. ಮೂರು ಸಲ ಹೋಗಿದ್ದೇವೆ. ಅದು ನಾನು ಸಂಪಾದಿಸಿದ ಜಾಗ ಅಂತ ನನ್ನ ಮನಸ್ಸಿನಲ್ಲಿತ್ತು.

ಎದುರುಮನೆಯವರು ಗದಗದ ಕಡೆಯವರು. ಆತ ಜಾಲಹಳ್ಳಿ ಕಡೆ ಒಂದು ಫ್ಯಾಕ್ಟರಿಯಲ್ಲಿ, ಆಕೆ ಚಿಕ್ಕಬಾಣಾವರದ ಹತ್ತಿರ ಒಂದು ಕಾಲೇಜಿನಲ್ಲಿ ಗಣಿತದ ಪಾಠ. ನನಗಿಂತ ಹತ್ತು ವರ್ಷ ಚಿಕ್ಕವಳು. ಬೀದಿಯ ಈ ತುದಿಯಲ್ಲಿ ನಕ್ಕರೆ ಆ ತುದಿಗೆ ಕೇಳಿಸುತ್ತದೆ. ಕಾರು ತಾನೇ ಓಡಿಸಿಕೊಂಡು ಹೋಗುತ್ತಾಳೆ. ನನಗೆ ಇವರು ಸ್ಟೀರಿಂಗ್ ಕೊಟ್ಟದ್ದು ಒಂದೇ ಸಲ, ಹೆಸರಘಟ್ಟದ ಖಾಲಿ ರಸ್ತೆಯಲ್ಲಿ, ಎರಡು ನಿಮಿಷ.

ಹೋದ ಚಳಿಗಾಲದಲ್ಲಿ ನಾವು ಸಿಂಧನೂರಿನ ಕಡೆ ಹೊರಟಿದ್ದೆವು. ಆಕೆ ಗೇಟಿನ ಮೇಲೆ ಕೈಯಿಟ್ಟು ನಿಂತು ಇವರನ್ನು ಕೇಳಿದಳು, “ಅಣ್ಣಾರ, ಸಿಂಧನೂರಾಗ ಎಲ್ಲಿ ಇಳಿತೀರಿ? ನಮ್ಮ ಕಾಕಾನ ಬೀಗರು ಅದಾರಲ್ರಿ. ತಡೀರಿ, ಫೋನ್ ಹಚ್ತೀನಿ.”

“ಬೀಗರಿಲ್ದಿರೋ ಊರೇ ಇಲ್ವೇನಮ್ಮಾ ನಿಮಗೆ?” ಅಂದರು ಇವರು.

“ಸಮುದ್ರದಾಗ ಇಲ್ಲ ನೋಡ್ರಿ.”

ಇವರು ನಕ್ಕ ನಗು ನನಗೆ ಹೊಸದಾಗಿತ್ತು. ಮದುವೆಯಾದ ಹೊಸತರಲ್ಲಿ ಒಮ್ಮೊಮ್ಮೆ ಕೇಳಿದ್ದಿರಬಹುದು. ಆ ಟ್ರಿಪ್ಪಿನ ಮೂರು ರಾತ್ರಿಯೂ ಮೂರು ಬೀಗರ ಮನೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಹೊಸ ಚಾದರ. ಡಬ್ಬಿಯಲ್ಲಿ ಮಲಗಲು ಒಬ್ಬರೂ ಬಿಡಲಿಲ್ಲ. ಅದು ಕಟ್ಟಿಹಾಕಿದ ಕರುವಿನ ಹಾಗೆ ಹೊರಗೆ ನಿಂತಿತ್ತು. ನನ್ನ ನೋಟ್‌ಬುಕ್ ಜೀಪಿನ ಡ್ಯಾಶ್‌ಬೋರ್ಡಿನಿಂದ ಹೊರಗೆ ಬರಲೇ ಇಲ್ಲ. ವಾಪಸು ಬಂದ ದಿನ ಇವರು ಬೀದಿಯಲ್ಲಿ ನಿಂತು ಆಕೆಗೆ ಹೇಳಿದರು, “ನಿಮ್ಮಿಂದ ಈ ಸಲ ಆರಾಮಾಯ್ತು ಕಣಮ್ಮಾ. ಇವಳು ಬಾಟ್ಲಿ ಹಿಡ್ಕೊಂಡು ಅಲೆಯೋದು ತಪ್ಪಿತು.”

ಅಲೆಯೋದು. ಹೂಕೋಸು ಹೆಚ್ಚುವಾಗ, ಬಟ್ಟೆ ಮಡಿಸುವಾಗ, ಆ ಒಂದು ಮಾತು ಎಷ್ಟೋ ದಿನ ಬಂದು ಬಂದು ಹೋಯಿತು.

ಅದಾಗಿ ಒಂದು ತಿಂಗಳಿಗೆ ಎದುರುಮನೆಯ ಗಂಡಹೆಂಡತಿ ಬಳ್ಳಾರಿ, ಹಂಪಿ, ಬಾದಾಮಿ ನೋಡಲು ಹೊರಟರು. ಇವರು ಡಬ್ಬಿ ಕೊಡುತ್ತೇನೆ ಅಂದರು, ಜೀಪೂ ಸೇರಿಸಿ. ನನ್ನನ್ನು ಒಂದು ಮಾತು ಕೇಳಲಿಲ್ಲ.

“ಆರು ದಿನ ತಾನೆ? ನಿನ್ ನೋಟ್‌ಬುಕ್ಕೂ ಕೊಟ್ಬಿಡು,” ಅಂದರು.

“ಅವರಿಗೆ ಬೀಗರಿದ್ದಾರಲ್ಲ?”

ಅಲ್ಲೇ ನಿಂತಿದ್ದ ಆಕೆ, “ಬ್ಯಾಡ್ರಿ ಅಕ್ಕಾರ. ಬೀಗರ ಮನಿ ಹೊಕ್ಕರ ಬಿಡಂಗಿಲ್ಲ ಅವರು. ನಿಮ್ಮಂಗ ನಾನೂ ಯಾರದರ ಅಂಗಳದಾಗ ಮಲಗಬೇಕಂತ ಆಸೆ ಐತಿ,” ಅಂದಳು.

ನಿಮ್ಮಂಗ. ನನಗೆ ಇರುವುದೊಂದು, ಅದೂ ಬೇಕು ಇವಳಿಗೆ ಅನ್ನಿಸಿತು. ನಗುತ್ತಲೇ, ಪುಸ್ತಕ ಹಳೆಯದು, ಹಾಳೆ ಕಿತ್ತುಬರುತ್ತದೆ, ಬೇರೆ ಬರೆದುಕೊಡುತ್ತೇನೆ ಅಂದೆ.

ಆ ಮಧ್ಯಾಹ್ನ ಊಟದ ಮೇಜಿನ ಮೇಲೆ ಹಾಳೆ ಹರಡಿ, ಕೆಂಪು ಪೆನ್ನಿನಲ್ಲಿ ಮಾರ್ಜಿನ್ ಎಳೆದು, ಅವರ ದಾರಿಯ ನಾಲ್ಕು ಜಾಗಗಳನ್ನು ದುಂಡಗೆ ಬರೆದೆ. ಮೂರು ಕಾಲಂ ತುಂಬಿಸಿದೆ. ನಾಲ್ಕನೆಯದಕ್ಕೆ ಅಭ್ಯಾಸಬಲದಿಂದ ಗೆರೆ ಎಳೆದಿದ್ದೆ, ಖಾಲಿ ಬಿಟ್ಟೆ. ಉಪ್ಪುನೀರು, ಸಡಿಲ ನಲ್ಲಿ, ನೀರು ಮೊದಲು ಕೇಳಬೇಕು ಅನ್ನುವುದು, ಬೆಲ್ಲ, ಯಾವುದನ್ನೂ ಬರೆಯಲಿಲ್ಲ. ಶಿರಾ ದಾಟಿದ ಮೇಲಿನ ಕಲ್ಯಾಣ ಮಂಟಪವನ್ನು ಮೊದಲನೆಯದಾಗಿ ಬರೆದೆ. ನನ್ನ ಪುಸ್ತಕದಲ್ಲಿ ಅದರ ಮುಂದೆ ಇದ್ದದ್ದು, ‘ಮದುವೆ ಕಾಲದಲ್ಲಿ ಬೇಡವೇ ಬೇಡ, ಬ್ಯಾಂಡು, ಜನ.’ ಆಗ ಮದುವೆಯ ಕಾಲವೇ. ಶೇಂಗಾ ಮಿಲ್ಲಿನ ಸಾಲನ್ನು ಬಿಟ್ಟುಬಿಟ್ಟೆ. ಒಂದಕ್ಷರವೂ ಕೆಡಲಿಲ್ಲ. ಆ ಹಾಳೆಯನ್ನು ಈಗ ನೋಡಿದರೂ ಅದು ನನ್ನ ಒಳ್ಳೆಯ ಕೈಬರಹವೇ.

ಅವರು ಹೋದ ಮೇಲೆ ಪಶ್ಚಾತ್ತಾಪವಾಯಿತು ಅಂತ ಬರೆದರೆ ಚೆನ್ನಾಗಿರುತ್ತದೆ. ಆಗಲಿಲ್ಲ. ಇವರು ಸಂಜೆ ಅವರಿಗೆ ಫೋನ್ ಮಾಡಿ, “ಆರಾಮಂತೆ” ಅಂದಾಗಲೆಲ್ಲ ನನಗೆ ಅನ್ನ ಸೇರುತ್ತಿರಲಿಲ್ಲ. ಆಕೆ ಸೋತು ಬರಬೇಕು, ಬಂದು ‘ಅಕ್ಕಾರ, ಇದು ನಿಮ್ಮಿಂದ ಮಾತ್ರ ಆಗೋದು’ ಅನ್ನಬೇಕು, ಅದನ್ನು ಇವರು ಪಕ್ಕದಲ್ಲಿ ನಿಂತು ಕೇಳಬೇಕು. ಆರು ದಿನ ನಾನು ಕಾದದ್ದು ಅದಕ್ಕೆ.

ರಂಗೋಲಿ ಹಾಕಿದ ಆ ದಿನವೂ ಅದಕ್ಕೇ ಕಾದೆ. ತಿಂಡಿಗೆ ಉಪ್ಪಿಟ್ಟು, ಮಧ್ಯಾಹ್ನ ಸೊಪ್ಪಿನ ಹುಳಿ. ಹತ್ತಿರದ ವಾಯುನೆಲೆಯ ವಿಮಾನಗಳು ತಲೆ ಮೇಲೆ ಸುತ್ತು ಹಾಕಿ ಹಾಕಿ ಹೋದವು. ನಾಲ್ಕೂವರೆಗೆ ಮೂಲೆಯಲ್ಲಿ ಜೀಪಿನ ಹಾರ್ನ್ ಕೇಳಿತು.

ಸ್ಟೀರಿಂಗ್ ಹಿಡಿದಿದ್ದವಳು ಆಕೆ. ಗಂಡ ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಡಬ್ಬಿಯನ್ನು ರಿವರ್ಸ್‌ನಲ್ಲಿ ಗೇಟಿನೊಳಗೆ ತರುವುದು ಕಷ್ಟ. ಜೀಪು ಎಡಕ್ಕೆ ತಿರುಗಿದರೆ ಅದು ಬಲಕ್ಕೆ ಹೋಗುತ್ತದೆ. ನಮ್ಮನೆಯವರಿಗೆ ಮೂರು ಸಲ ಹಿಂದೆ ಮುಂದೆ ಆಗಲೇಬೇಕು, ಪ್ರತಿ ಸಲವೂ ಹಿಂದೆ ನಿಂತು ತಗಡು ತಟ್ಟಿ ‘ಬನ್ನಿ ಬನ್ನಿ’ ಅನ್ನುವುದು ನಾನು. ಅವತ್ತು ಇವರೇ ಚಪ್ಪಲಿಯಿಲ್ಲದೆ ಓಡಿಹೋಗಿ, ನಾನು ನಿಲ್ಲುವ ಜಾಗದಲ್ಲಿ ನಿಂತು, “ಬರ್ಲಿ, ಬರ್ಲಿ, ಸಾಕು,” ಅಂದರು. ಚಕ್ರ ನನ್ನ ರಂಗೋಲಿಯ ಮೇಲೆ ಹಾದು ಸರಿಯಾಗಿ ಆ ಚೌಕದಲ್ಲಿ ನಿಂತಿತು.

“ಒಂದೇ ಸಲಕ್ಕೆ!” ಅಂದರು ಇವರು, ನನ್ನ ಕಡೆ ತಿರುಗಿ. ಇಟ್ಟಿಗೆಗಳನ್ನು ತಂದು ಒತ್ತು ಕೊಟ್ಟೆ. ನನಗೆ ಉಳಿದದ್ದು ಅಷ್ಟೆ.

ಅವರು ಸಾಮಾನು ಹೊತ್ತುಕೊಂಡು ಮನೆಗೆ ಹೋದರು. ನಾನು ಡಬ್ಬಿಯ ಹಿಂದಿನ ಬಾಗಿಲೆತ್ತಿದೆ. ಎಲ್ಲ ಒರೆಸಿ ಇಟ್ಟಿದ್ದಳು. ಸಕ್ಕರೆ ಡಬ್ಬ ಮಾತ್ರ ಬಲಗಡೆಯಿಂದ ಎಡಗಡೆಗೆ ಹೋಗಿತ್ತು, ಗುರೆಳ್ಳು ಚಟ್ನಿಪುಡಿಯ ವಾಸನೆ ಇತ್ತು. ಕಪಾಟಿನ ಬಾಗಿಲ ಒಳಮಗ್ಗುಲಿಗೆ ನನ್ನ ಹಾಳೆಯನ್ನು ಟೇಪಿನಿಂದ ಅಂಟಿಸಿದ್ದಳು. ನಾನು ಖಾಲಿ ಬಿಟ್ಟ ನಾಲ್ಕನೆಯ ಕಾಲಂ ತುಂಬಿತ್ತು. ಪೆನ್ಸಿಲಿನಲ್ಲಿ, ಬಲಕ್ಕೆ ವಾಲಿದ ಅಕ್ಷರ.

ಕಲ್ಯಾಣ ಮಂಟಪದ ಮುಂದೆ: ‘ಮದುವಿ ಇತ್ತು. ಕರದು ಉಣ್ಣಾಕ ಕೂಡಿಸಿದ್ರು. ಒಬ್ಬಟ್ಟು ಛಲೋ.’

ನಗಬೇಕೋ ಅಳಬೇಕೋ ತಿಳಿಯದೆ ಓದುತ್ತಾ ಹೋದೆ. ಉಪ್ಪುನೀರಿನ ಊರಿನ ಮುಂದೆ, ‘ನೀರು ಚಹಾಕ್ಕ ಬರಂಗಿಲ್ಲ.’ ಕರಿ ನಾಯಿಯ ಜಾಗದ ಮುಂದೆ, ‘ನಾಯಿ ರೊಟ್ಟಿ ತಿಂತೈತಿ.’ ನಾನು ಮುಚ್ಚಿಟ್ಟದ್ದನ್ನೆಲ್ಲ ಆಕೆ ಆರೇ ದಿನದಲ್ಲಿ ಕಂಡುಕೊಂಡಿದ್ದಳು, ಅದೂ ನಗುನಗುತ್ತಾ. ನಾಲ್ಕು ಸಾಲು ಮುಗಿದ ಮೇಲೆ ಕೆಳಗೆ ಐದನೆಯದೊಂದು ಸಾಲಿತ್ತು, ಸ್ಕೇಲಿಲ್ಲದೆ ಎಳೆದ ಸೊಟ್ಟ ಗೆರೆಯ ಮೇಲೆ: ‘ಚಳ್ಳಕೆರೆ ದಾಟಿ. ಶೇಂಗಾ ಮಿಲ್ಲು. ಅಜ್ಜಿ.’

ಮುಖ ಬಿಸಿಯಾಯಿತು. ಮಿಲ್ಲಿಗೆ ಹೋಗಿದ್ದಾಳೆ. ನಾವು ಮೂರು ಸಲ ಉಳಿದದ್ದು ಅಲ್ಲಿ ಯಾರಾದರೂ ಹೇಳದೆ ಇರುತ್ತಾರೆಯೇ? ನಾನು ಬೇಕೆಂದೇ ಬಿಟ್ಟದ್ದು ಈಗ ಆಕೆಗೂ ಗೊತ್ತು, ನಾಳೆ ಇವರಿಗೂ ಗೊತ್ತಾಗುತ್ತದೆ. ಆಕೆ ಇವರೊಡನೆ ಎಲ್ಲವನ್ನೂ ಗೇಟಿನಲ್ಲೇ ನಿಂತು ಹೇಳುವವಳು. ಕಪಾಟಿನ ಬಾಗಿಲು ಮುಚ್ಚಿ, ಮತ್ತೆ ತೆರೆದು, ಸಕ್ಕರೆ ಡಬ್ಬವನ್ನು ಬಲಗಡೆಗೆ ಇಟ್ಟೆ.

ದೀಪ ಹಚ್ಚುವ ಹೊತ್ತಿಗೆ ಆಕೆ ಬಂದಳು. ಸ್ನಾನ ಮಾಡಿ ತಲೆಗೆ ಟವೆಲ್ ಸುತ್ತಿಕೊಂಡೇ, ಕೈಯಲ್ಲಿ ಪೇಪರಿನ ಒಂದು ಪೊಟ್ಟಣ. ಇವರು ಒಳಗೆ ಟಿವಿ ಮುಂದಿದ್ದರು. ನಾನು ತುಳಸಿ ಕಟ್ಟೆಯ ಹತ್ತಿರ ನಿಂತವಳು ನಿಂತೇ ಇದ್ದೆ.

“ತಗೋರಿ, ಮಿಲ್ಲಿನ ಅಜ್ಜಿ ಕೊಟ್ಟಾರ. ಬೆಲ್ಲ.”

“ಅಲ್ಲಿಗೆ ಹೋಗಿದ್ರಾ?” ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ನಾವೆಲ್ಲಿ ಹೋಗೂಣ್ರಿ? ನೀವು ಬರೀಲಾಕ ಮರ್ತಿದ್ರಿ. ಎದುರಿಗೆ ಚಹಾದ ಅಂಗಡ್ಯಾಗ ನಿಂತಿದ್ವಿ, ನಿಮ್ಮ ನೀಲಿ ಪರದೆ ನೋಡಿ ಅಜ್ಜೀನ ರಸ್ತೆ ದಾಟಿ ಬಂದ್ರು. ಡಬ್ಬಿ ಒಳಗೆಲ್ಲ ಹಣಿಕಿ ಹಾಕಿ, ನೀರು ಕೇಳಾಕಿ ಎಲ್ಲಿ, ನೀ ಯಾರು ಅಂತ ನನ್ನ ಜಬರಿಸಿ ಕೇಳಿದ್ರು. ಕಳವಿನ ಗಾಡಿ ಅಂದ್ಕೊಂಡ್ರೋ ಏನೋ.”

“ನೀವೇನಂದ್ರಿ?”

ಆಕೆ ಬಿಚ್ಚಿಹೋಗುತ್ತಿದ್ದ ಟವೆಲ್ಲನ್ನು ಮತ್ತೆ ತಲೆಗೆ ಸುತ್ತಿಕೊಳ್ಳುತ್ತಾ, ಆಗಲೇ ಗೇಟಿನ ಕಡೆ ತಿರುಗಿದ್ದಳು.

“ನಮ್ಮಕ್ಕ ಆಗಬೇಕು, ಆಕೀನ ಕಳಿಸ್ಯಾಳ ಅಂದೆ. ಏನ್ ಮಾಡೂದ್ರಿ, ಸುಳ್ಳು ಹೇಳದಿದ್ರ ಅಜ್ಜಿ ಒಳಗ ಬಿಡ್ತಿರಲಿಲ್ಲ.”