ಬಿಡು ಅಂದಾಗ

ಊರಿನ ಬೀದಿಗಳಲ್ಲೇ ಕಾರಿನ ಪಂದ್ಯ ನಡೆಯುತ್ತಿದ್ದ ಕಾಲ ಅದು. ತಿರುವಿನಲ್ಲಿ ನಾಲ್ಕು ಹುಲ್ಲಿನ ಹೊರೆ ಒಟ್ಟಿದರೆ ಜನರ ಸುರಕ್ಷತೆಯ ಕೆಲಸ ಮುಗಿಯಿತು. ಹಿಂದಿನ ವರ್ಷ ಹಾಲಿನಂಗಡಿಯ ಮುಂದೆ ಒಂದು ಕಾರು ಜನರ ಮೇಲೆ ನುಗ್ಗಿ, ರಕ್ತ ಮೆಟ್ಟಿಲಿಳಿದು ಚರಂಡಿ ಸೇರಿತ್ತು. ಈ ವರ್ಷ ಅದೇ ಮೆಟ್ಟಿಲ ಮೇಲೆ ಜನ ಬೆಳಗ್ಗೆಯೇ ಬಂದು ಜಾಗ ಹಿಡಿದಿದ್ದರು. ಇಂಥವರಿಗೆ ಏನೆಂದು ಬುದ್ಧಿ ಹೇಳುವುದು!

ಜಾಕಣ್ಣನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಜಾಕಿನ ಉದ್ದನೆಯ ಕಬ್ಬಿಣದ ಹಿಡಿಯನ್ನು ಒಂದೇ ಸಲಕ್ಕೆ ಅದುಮಿ ಕಾರಿನ ಹಿಂಭಾಗ ಎತ್ತುವುದು, ‘ಬಿಡು’ ಎಂದೊಡನೆ ಇಳಿಸುವುದು. ತಂದೆತಾಯಿ ಇಲ್ಲದ ಅವನನ್ನು ಸಾಕಿದವಳು ಅಕ್ಕ, ಕೆಲಸ ಕಲಿಸಿದವನು ಮೆಕ್ಯಾನಿಕ್ ಭಾವ.

“ಬಿಡು ಅಂದ್ರೆ ಬಿಡ್ಬೇಕು. ಯೋಚ್ನೆ ಮಾಡೋಕಲ್ಲ ನಿನಗೆ ಸಂಬಳ,” ಎಂದು ಭಾವ ಗದರುತ್ತಿದ್ದ. ಹಾಗೆ ಪಳಗಿದ ಕೈ ಅದು. ಊಟಕ್ಕೆ ಕೂತಾಗ ಅಕ್ಕ ಮಾತಿಗೆ “ಅಯ್ಯೋ ಬಿಡು” ಅಂದರೆ, “ಹಾಗನ್ಬೇಡ ಮಾರಾಯ್ತಿ, ತಟ್ಟೆ ಬೀಳಿಸಿಬಿಡ್ತಾನೆ!” ಎಂದು ಭಾವ ನಗುತ್ತಿದ್ದ.

ಆ ದಿನ ಅವರಿಬ್ಬರು ನೋಡಿಕೊಳ್ಳುತ್ತಿದ್ದ ಕಾರು ಪಂದ್ಯದ ನಡುವೆ ಕುಂಟುತ್ತಾ ಅವರ ಮುಂದೆ ಬಂದು ನಿಂತಿತು. ಹಿಂದಿನ ಸ್ಪ್ರಿಂಗಿನ ಬೋಲ್ಟ್ ತುಂಡಾಗಿತ್ತು. ಜಾಕಣ್ಣ ಎತ್ತಿದ, ಭಾವ ಅಡಿಗೆ ನುಸುಳಿದ. ಸ್ಟಿಯರಿಂಗ್ ಹಿಡಿದಿದ್ದವನು ಕಾರಿನ ಮಾಲೀಕನ ಮಗ. ಗೇರ್ ಹಾಕಿಕೊಂಡೇ ಎಂಜಿನ್ ಅಬ್ಬರಿಸುತ್ತಾ, “ಬೇಗ ಮುಗಿಸ್ರೋ ಕತ್ತೆಗಳಾ!” ಎಂದು ಅರಚುತ್ತಿದ್ದ.

ಅಡಿಯಿಂದ ಭಾವನ ದನಿ ಬಂತು. “ಬಿಡು...”

‘ಬಿಡು, ಇದು ಆಗೋ ಕೆಲಸ ಅಲ್ಲ’ ಎನ್ನಲು ಹೊರಟಿದ್ದ ಭಾವ. ಜಾಕಣ್ಣನ ಕೈ ಮೊದಲ ಮಾತಿಗೇ ಹಿಡಿ ಬಿಟ್ಟಿತ್ತು. ಕಾರು ದಬ್ಬನೆ ಬಿತ್ತು, ಗರಗರ ತಿರುಗುತ್ತಿದ್ದ ಚಕ್ರ ನೆಲ ಕಚ್ಚಿ ಭಾವನ ಎದೆ ಹತ್ತಿ ಇಳಿಯಿತು. ಎಲುಬು ಮುರಿದ ಸದ್ದು ಎಂಜಿನ್ನಿನ ಗದ್ದಲದಲ್ಲೂ ಕೇಳಿಸಿತು. ಕಾರು ಹೋಗಿಯೇ ಬಿಟ್ಟಿತು.

ಜನರನ್ನು ತಳ್ಳಿಕೊಂಡು ಅಕ್ಕ ಓಡಿಬಂದಳು. ಭಾವನ ಬಾಯಲ್ಲಿ ರಕ್ತ ಉಕ್ಕುತ್ತಿತ್ತು, ಆದರೆ ಉಸಿರಿತ್ತು.

“ಎತ್ಕೊಳ್ಳೋ! ಆಸ್ಪತ್ರೆ ಹಿಂದಿನ ಗಲ್ಲೀಲೇ ಇದೆ!”

ಜಾಕಣ್ಣ ಬಗ್ಗಿದ. ಅಷ್ಟರಲ್ಲಿ ಸ್ಪ್ರಿಂಗ್ ಪೂರ್ತಿ ಕೈಕೊಟ್ಟ ಕಾರು ಒಂದು ಸುತ್ತು ಎಳೆದುಕೊಂಡು ಮತ್ತೆ ಬಂದು ನಿಂತಿತು. ಮಾಲೀಕನ ಮಗ ಕನ್ನಡಕ ಮೇಲೇರಿಸಿ, “ನನ್ನ ಪಂದ್ಯ ಹಾಳು ಮಾಡಿದ್ರಲ್ಲೋ! ಇವನ್ಯಾಕೆ ಇನ್ನೂ ಅಡ್ಡ ಬಿದ್ದಿದಾನೆ?” ಎಂದ.

ಜಾಕಣ್ಣನ ಮೈಯೆಲ್ಲ ಉರಿದುಹೋಯಿತು. ಜಾಕಿನ ಹಿಡಿ ಕಿತ್ತು ಬೀಸಿದ. ಮೊದಲ ಏಟಿಗೆ ಹಲ್ಲು ಉದುರಿತು, ಎರಡನೆಯದಕ್ಕೆ ತೋಳು ಮುರಿಯಿತು. ಅವನನ್ನು ಕಾರಿನಿಂದ ಕೆಳಗೆಳೆದು, ಕತ್ತು ಹಿಡಿದು, ಮುಖವನ್ನು ರಸ್ತೆಗೆ ಜಜ್ಜಿದ. ಅಲ್ಲಿದ್ದವರೆಲ್ಲ ಓಡಿಬಂದರು, ಯಾರನ್ನು ಉಳಿಸಲು? ಮಾಲೀಕನ ಮಗನನ್ನು! ಪಕ್ಕದಲ್ಲೇ ಸಾಯುತ್ತಿದ್ದ ಮೆಕ್ಯಾನಿಕ್ ಯಾರ ಕಣ್ಣಿಗೂ ಬೀಳಲಿಲ್ಲ.

ಅಕ್ಕ ಜಾಕಣ್ಣನ ಬೆನ್ನಿಗೆ ಜೋತುಬಿದ್ದಳು. “ಬಿಡೋ! ಅವನನ್ನ ಬಿಡು! ಇವ್ರಿಗಿನ್ನೂ ಉಸಿರಿದೆ, ಎತ್ಕೋ ಬಾ!”

ಜಾಕಣ್ಣನಿಗೆ ಕೇಳಿಸಿತು. ಆದರೂ ಕೈ ಸಡಿಲವಾಗಲಿಲ್ಲ. ಮೊಣಕೈಯಿಂದ ತಳ್ಳಿದ ರಭಸಕ್ಕೆ ಅಕ್ಕನ ತುಟಿ ಸೀಳಿತು. ಕೊನೆಗೆ ಜನ ಅವನನ್ನು ಬಡಿದು ನೆಲಕ್ಕೆ ಕೆಡವಿದಾಗ, ಭಾವನ ಮುಖ ಅವನ ಮುಖದ ಎದುರಿಗೇ ಇತ್ತು. ಉಸಿರು ನಿಂತಿತ್ತು.

ಊರಿನ ಬೀದಿಯಲ್ಲಿ ಅದೇ ಕೊನೆಯ ಪಂದ್ಯ. ಜಾಕಣ್ಣ ಜೈಲು ಮುಗಿಸಿ ಬಂದು ಪಂಕ್ಚರ್ ಹಾಕುವ ಕೆಲಸ ಹಿಡಿದ. ಅಕ್ಕ ದಿನವೂ ಅವನಿಗೆ ಊಟ ಬಡಿಸುತ್ತಿದ್ದಳು, ತುಟಿಪಿಟಕ್ಕೆನ್ನುತ್ತಿರಲಿಲ್ಲ. ಅವಳ ತುಟಿಯ ಮೇಲಿನ ಆ ಕಲೆ ನೋಡಿಕೊಂಡು ಅವನು ಅನ್ನ ನುಂಗಬೇಕಿತ್ತು.

ಒಂದು ದಿನ ತಡೆಯಲಾಗದೆ ಅತ್ತೇಬಿಟ್ಟ. “ಬೈಯೋದಾದ್ರೂ ಬೈಯಕ್ಕ. ಭಾವನ್ನ ಕೊಂದವನು ನಾನೇ.”

ಅಕ್ಕ ಸೌಟು ಕೆಳಗಿಟ್ಟಳು. “ಅವ್ರು ಬಿಡು ಅಂದ್ರು, ಬಿಟ್ಟೆ. ಅದಕ್ಕೆ ನಿನ್ನನ್ನ ಯಾವತ್ತೂ ಬೈದಿಲ್ಲ ಕಣೋ,” ಎಂದಳು. “ನಾನೂ ಬಿಡು ಅಂದೆನಲ್ಲ. ಆಗ ಯಾಕೋ ಬಿಡ್ಲಿಲ್ಲ?”